ಚೀನಾ ಪರ್ಮಿಟ್ಟು ಮತ್ತು ಪ್ಲಾಸ್ಟಿಕ್ ಹೊದ್ದ ಪದವಿ

ದೋಹಾದ ಆಫೀಸಿನಲ್ಲಿ ಈಗ ನನ್ನ ಕುರ್ಚಿಯ ಮೇಲೆ ಕೂತಿರುವ ಹೊಸ ಹುಡುಗಿ ಮೊನ್ನೆ ಫೋನ್ ಮಾಡಿ, "ಸರ್, ಈ ಚೀನಾ ಪರ್ಮಿಟ್ ಕೆಲಸಕ್ಕೆ ಮುಖ್ಯವಾಗಿ ಏನು ಬೇಕು?" ಎಂದು ಕೇಳಿದಳು. "ಹೆದರಿಕೆ ಬೇಕಮ್ಮ" ಎಂದೆ. ಅವಳು ನಕ್ಕು ಫೋನ್ ಇಟ್ಟಳು. ಆಮೇಲೆ ನನಗೇ ಹೆದರಿಕೆಯಾಯಿತು, ಅಷ್ಟಕ್ಕೇ ಬಿಟ್ಟರೆ ಏನಾದರೂ ಎಡವಟ್ಟು ಮಾಡಿಕೊಂಡಾಳು ಎಂದು. ಅದಕ್ಕೇ ಬರೆಯಲು ಕೂತಿದ್ದೇನೆ. ಅವಳಂತೆ ಈ ಕೆಲಸಕ್ಕೆ ಬರುವ ಬೇರೆಯವರಿಗೂ ಉಪಯೋಗವಾದರೆ ಸಂತೋಷ.

ನಾನು ಮೈಸೂರಿನವನು, ಬಿ.ಕಾಂ. ಓದಿದವನು, ಹುಟ್ಟು ಪುಕ್ಕಲ. ಬೀಗ ಹಾಕಿ ಮೆಟ್ಟಿಲು ಇಳಿದ ಮೇಲೆ ಮತ್ತೆ ಹತ್ತಿ ಹೋಗಿ ಬೀಗ ಎಳೆದು ನೋಡುವ ಪೈಕಿ. ಇಂಥವನನ್ನು ಚೀನಾ ಕೆಲಸಕ್ಕೆ ಹಾಕಿದ್ದು ನಮ್ಮ ವಿಭಾಗದ ಮುಖ್ಯಸ್ಥ ಅಬು ಕರೀಂ. ಲೆಬನಾನಿನ ದೊಡ್ಡ ದೇಹದ, ದೊಡ್ಡ ನಗುವಿನ ಮನುಷ್ಯ. ನಮ್ಮ ಕಂಪನಿ ದೊಡ್ಡ ಕಟ್ಟಡಗಳಿಗೆ ತಂಪು ನೀರು ಹರಿಸುವ ಯಂತ್ರಗಳನ್ನು ಕೂರಿಸುತ್ತಿತ್ತು. ಆ ಯಂತ್ರಗಳು ತಯಾರಾಗುತ್ತಿದ್ದದ್ದು ಚೀನಾದ ಕರಾವಳಿಯ ಒಂದು ಊರಿನ ನಮ್ಮದೇ ಸೋದರ ಕಂಪನಿಯಲ್ಲಿ. ಇಲ್ಲಿನ ಜನ ಅಲ್ಲಿಗೆ ಕೆಲಸಕ್ಕೆ ಹೋಗಬೇಕಾದರೆ ಆ ದೇಶದ ವರ್ಕ್ ಪರ್ಮಿಟ್ ಬೇಕು. ಅದಕ್ಕೆ ಕಾಗದ ಹೊಂದಿಸುವವರು ಯಾರು?

"ನಿನ್ನ ಮುಖ ನೋಡಿದರೆ ಯಾವಾಗಲೂ ಏನೋ ಕಳೆದುಕೊಂಡ ಹಾಗೆ ಇರುತ್ತೆ," ಎಂದರು ಅಬು ಕರೀಂ. "ಚೀನಾದವರು ಕೇಳುವ ಕಾಗದಗಳಿಗೆ ಇಂಥ ಮುಖವೇ ಸರಿ. ಯಲ್ಲಾ, ನಡಿ, ಇವತ್ತಿನಿಂದ ಚೀನಾ ನಿನ್ನದು."

ಹಾಗೆ ಚೀನಾ ನನ್ನದಾಯಿತು. ಅಲ್ಲಿಗೆ ನಾನು ಒಮ್ಮೆಯೂ ಹೋಗಿಲ್ಲ. ಕಳಿಸಿದ್ದು ಮಾತ್ರ ಬಹಳ ಜನರನ್ನು.

ಮೊದಲು ವರ್ಗಗಳ ವಿಚಾರ ಹೇಳಿಬಿಡುತ್ತೇನೆ. ಬರುವವರೆಲ್ಲ ಎಡವುವುದು ಅಲ್ಲೇ. ಚೀನಾದವರು ಹೊರದೇಶದ ಕೆಲಸಗಾರರನ್ನು ಎ, ಬಿ, ಸಿ ಎಂದು ಮೂರು ಮಾಡಿದ್ದಾರೆ. ಎ ಅಂದರೆ ತುಂಬಾ ಬೇಕಾದವರು: ಭಾರೀ ಸಂಬಳದವರು, ಹೆಸರು ಮಾಡಿದ ವಿಜ್ಞಾನಿಗಳು, ಅಂಥವರು. ಬಿ ಅಂದರೆ ಬೇಕಾದವರು: ಒಂದು ಪದವಿ, ಅದೇ ಕೆಲಸದಲ್ಲಿ ಎರಡು ವರ್ಷದ ಅನುಭವ, ಅರವತ್ತರ ಒಳಗಿನ ವಯಸ್ಸು ಇರಬೇಕು. ಸಿ ಅಂದರೆ, ಬಂದಿರಾ ಬನ್ನಿ, ಬೇಗ ಹೊರಡಿ. ಇದಲ್ಲದೆ ವಯಸ್ಸಿಗೆ, ಓದಿಗೆ, ಸಂಬಳಕ್ಕೆ, ಚೀನೀ ಭಾಷೆ ಬಂದರೆ ಅದಕ್ಕೆ ಎಂದು ಅಂಕ ಕೊಡುವ ಪದ್ಧತಿಯೂ ಉಂಟು. ನಾವು ಕಳಿಸುತ್ತಿದ್ದ ಎಂಜಿನಿಯರುಗಳೆಲ್ಲ ಹೆಚ್ಚುಕಡಿಮೆ ಬಿ. ಇದರಲ್ಲಿ ಅವಮಾನ ಏನೂ ಇಲ್ಲ. ಆದರೆ ಅದನ್ನು ಬೆಂಗಳೂರಿನವರಿಗೆ ಹೇಳಿ ನೋಡಿ.

ನಮ್ಮ ಯೋಜನಾ ವಿಭಾಗದ ಹಿರಿಯರು ರಾಮಪ್ರಸಾದ್, ಅಪ್ಪಟ ಬೆಂಗಳೂರಿಗರು. ಅವರ ಅರ್ಜಿಯ ಪ್ರತಿ ಕೈಗೆ ಸಿಕ್ಕಿದ ತಕ್ಷಣ ನನ್ನ ಮೇಜಿನ ಮುಂದೆ ಬಂದು ನಿಂತರು.

"ಏನ್ರೀ ಇದು, ಬಿ? ನಾನು ನರ್ಸರಿಯಿಂದ ಇಲ್ಲೀತನಕ ಸೆಕೆಂಡ್ ಕ್ಲಾಸ್ ಮುಖ ನೋಡಿದವನಲ್ಲ."

"ಬಿ ಅಂದ್ರೆ ಸೆಕೆಂಡ್ ಕ್ಲಾಸ್ ಅಲ್ಲ ಸರ್, ಅದೊಂದು ವರ್ಗ ಅಷ್ಟೆ."

"ಎ ಆದ್ಮೇಲೆ ಬರೋದು ತಾನೇ? ಮತ್ತೇನು ಅದು, ರ‍್ಯಾಂಕಾ?"

ಅಂಕ ಕಡಿಮೆ ಬಿದ್ದಿದೆ, ಭಾಷೆ ಕಲಿತರೆ ಸ್ವಲ್ಪ ಸಿಗುತ್ತದೆ ಎಂದು ನಾನು ಸಮಾಧಾನಕ್ಕೆ ಹೇಳಿದ್ದೇ ತಪ್ಪಾಯಿತು. ಅವರು ಅಲ್ ಗರಾಫಾದಿಂದ ಆಫೀಸಿಗೆ ಬರುವ ದಾರಿಯಲ್ಲಿ ಕಾರಿನೊಳಗೇ ಚೀನೀ ಸ್ವರಗಳ ಅಭ್ಯಾಸ ಶುರುಮಾಡಿದರು. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ಇವರಿಗೆ ಹಲ್ಲುನೋವು ಎಂದುಕೊಂಡಿರಬೇಕು. ಪರೀಕ್ಷೆ ಕಟ್ಟಿ ಮೊದಲ ಹಂತ ಪಾಸೂ ಆದರು. ಬಂದ ಅಂಕ ಉಪ್ಪಿನಕಾಯಿಯಷ್ಟು, ವರ್ಗ ಬಿಯಲ್ಲೇ ಉಳಿಯಿತು. ಆದರೆ ಅಲ್ಲಿಗೆ ಹೋದ ಮೇಲೆ ನೋಡಿ ಮಜಾ: ಹೋಟೆಲಿನಲ್ಲಿ "ಮಾಂಸ ಬೇಡ, ಮೊಟ್ಟೆ ಬೇಡ, ಮೀನೂ ಬೇಡ" ಎಂದು ಹೇಳಬಲ್ಲವರು ನಮ್ಮವರಲ್ಲಿ ಇವರೊಬ್ಬರೇ. ಸಸ್ಯಾಹಾರಿಗಳ ಇಡೀ ತಂಡ ಊಟದ ಹೊತ್ತಿಗೆ ಇವರ ಹಿಂದೆ ಸಾಲು ಹಿಡಿಯುತ್ತಿತ್ತಂತೆ. ರಜೆಗೆ ಬಂದಾಗ, "ಊಟದ ವಿಷಯದಲ್ಲಿ ನಾನೀಗ ಎ ಪ್ಲಸ್ಸು ಕಣ್ರೀ" ಎಂದು ಬೆನ್ನು ತಟ್ಟಿ ಹೋದರು.

ಎರಡನೆಯದು ಅನುಭವದ ಪತ್ರ. ಇದನ್ನು ನನಗೆ ಕಲಿಸಿದವನು ನವೀನ್ ಡಿಸೋಜ. ಕಾರ್ಕಳದ ಕಡೆಯವನು, ಒಳ್ಳೆಯ ಮೆಕ್ಯಾನಿಕಲ್ ಎಂಜಿನಿಯರ್. ಕತಾರಿಗೆ ಮೊದಲು ಬಂದಾಗ ಬೇರೆ ಯಾವುದೋ ಕಂಪನಿಯಲ್ಲಿ ಖಾಲಿ ಇದ್ದದ್ದು ಬೇಕರಿ ಕೆಲಸಗಾರನ ವೀಸಾ ಒಂದೇ. ಗಲ್ಫಿನಲ್ಲಿ ಇದು ಹೊಸದಲ್ಲ. ಸಿಕ್ಕಿದ ವೀಸಾಕ್ಕೆ ಬಂದು ಇಳಿಯುವುದು, ಆಮೇಲೆ ತನ್ನ ಕೆಲಸ ಹುಡುಕಿಕೊಳ್ಳುವುದು. ಪೈಪುಗಳನ್ನು ಬೆಸೆಯುತ್ತ, ಬೆಸೆಯುವವರನ್ನು ಮೇಲ್ವಿಚಾರಣೆ ಮಾಡುತ್ತ ಅವನು ವರ್ಷಗಟ್ಟಲೆ ಬೇಕರಿಯವನಾಗಿಯೇ ಉಳಿದಿದ್ದ. ಅವನ ಹಳೆಯ ಕಾಗದಗಳನ್ನು ನಾನು ಹಿಂದುಮುಂದು ನೋಡದೆ ಚೀನಾಕ್ಕೆ ಕಳಿಸಿಬಿಟ್ಟೆ. ಅಲ್ಲಿನ ಆಫೀಸಿನಲ್ಲಿ ನಮ್ಮ ಅರ್ಜಿಗಳನ್ನು ನೋಡುತ್ತಿದ್ದ ಮಿಸ್ ಲಿನ್ ಬಹಳ ಮರ್ಯಾದೆಯಿಂದ ಬರೆದಳು: "ನಮ್ಮ ಕ್ಯಾಂಟೀನಿನಲ್ಲಿ ಬ್ರೆಡ್ ಮಾಡುವವರು ಇದ್ದಾರೆ. ಪೈಪ್ ವಿಭಾಗಕ್ಕೆ ಯಾರನ್ನು ಕಳಿಸುತ್ತೀರಿ?"

ನವೀನನಿಗೆ ತೋರಿಸಿದೆ. "ಸರ್, ನಂಗೆ ಬನ್ಸ್ ಮಾಡ್ಲಿಕ್ಕೂ ಬರುದಿಲ್ಲ ಮಾರಾಯ್ರೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅವನು ನಿಜವಾಗಿ ಏನೇನು ಮಾಡಿದ, ಯಾವ ಕಟ್ಟಡದಲ್ಲಿ, ಯಾರ ಕೈಕೆಳಗೆ ಎಂದು ಬಿಡಿಸಿ ಬರೆಸಿ, ಮೇಲಧಿಕಾರಿಗಳ ಸಹಿ ಹಾಕಿಸಿ ಮತ್ತೆ ಕಳಿಸಿದೆವು. ಪರ್ಮಿಟ್ ಬಂತು. ಆದ್ದರಿಂದ ಹೇಳುತ್ತೇನೆ: ಕತಾರಿನ ಗುರುತಿನ ಕಾರ್ಡಿನ ಮೇಲೆ ಬರೆದ ಹುದ್ದೆಯನ್ನು ನಂಬಬೇಡಿ, ಮನುಷ್ಯನನ್ನು ಕೂರಿಸಿ ಕೇಳಿ.

ಈಗ ನವೀನನ ಹೆಂಡತಿಯ ಕತೆ. ನನ್ನ ಕೆಲಸದ ಕೊನೆಯ ವರ್ಷ ನಡೆದದ್ದು, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು.

ಪ್ರಮೀಳಾ ನಮ್ಮಲ್ಲೇ ಗುಣಮಟ್ಟ ಪರೀಕ್ಷಿಸುವ ಎಂಜಿನಿಯರ್. ಗಂಡ ಚೀನಾಕ್ಕೆ ಹೋದ ಮೇಲೆ ದೋಹಾದ ಬಿನ್ ಮಹಮೂದ್ ಬಡಾವಣೆಯ ಫ್ಲ್ಯಾಟ್ ಒಂದರಲ್ಲಿ ಗೆಳತಿಯರ ಜೊತೆ ಇದ್ದಳು. ಅಷ್ಟರಲ್ಲಿ ದೋಹಾದ ಘಟಕವನ್ನು ಚಿಕ್ಕದು ಮಾಡುತ್ತಾರೆಂದು ಆಯಿತು. ಅವಳ ಹುದ್ದೆ ಹೋಯಿತು; ನನ್ನ ಕುರ್ಚಿ ಉಳಿಯಿತು, ಆದರೆ ಅದಕ್ಕೆ ಕಡಿಮೆ ಸಂಬಳದ ಹೊಸಬರು ಸಾಕೆಂದರು. ನನಗೆ ಐವತ್ತೈದು, ನಿವೃತ್ತಿ ಎಂದು ಮಾಲೆ ಹಾಕಿ ಕಳಿಸುವ ವಯಸ್ಸೆಂದು ಅವರೇ ತೀರ್ಮಾನಿಸಿದರು. ಅವಳಿಗೆ ಮೂವತ್ತೂ ಸರಿಯಾಗಿ ದಾಟಿರಲಿಲ್ಲ. ಅದೃಷ್ಟಕ್ಕೆ ಚೀನಾದ ಕಾರ್ಖಾನೆಯಲ್ಲಿ ಅವಳದ್ದೇ ಕೆಲಸದ ಒಂದು ಜಾಗ ಖಾಲಿ ಇತ್ತು. ಆದರೆ ಅವರ ಹೊಸವರ್ಷದ ದೊಡ್ಡ ರಜೆಯ ಒಳಗೆ ಕಾಗದಗಳು ಕೈಸೇರದಿದ್ದರೆ ಆ ಜಾಗಕ್ಕೆ ಅಲ್ಲಿಯವರನ್ನೇ ತೆಗೆದುಕೊಳ್ಳುತ್ತೇವೆ ಎಂದು ಮಿಸ್ ಲಿನ್ ಮೊದಲೇ ಹೇಳಿದ್ದಳು.

ಅಬು ಕರೀಂ ಸುಲಭದ ದಾರಿ ತೋರಿಸಿದರು. "ಗಂಡ ಅಲ್ಲೇ ಇದ್ದಾನಲ್ಲ? ಫ್ಯಾಮಿಲಿ ವೀಸಾ ಮಾಡಿಸು. ಮದುವೆ ಸರ್ಟಿಫಿಕೇಟ್ ಒಂದು ಸಾಕು. ಖಲಾಸ್!"

ಆ ವೀಸಾದಲ್ಲಿ ಹೋದವರು ಅಲ್ಲಿ ಕೆಲಸ ಮಾಡುವ ಹಾಗಿಲ್ಲ. ಪ್ರಮೀಳಾಗೆ ಅದು ಗೊತ್ತಿತ್ತು.

"ಗಂಡನ ಹಿಂದೆ ಸೂಟ್‌ಕೇಸಿನ ಹಾಗೆ ಹೋಗ್ಲಿಕ್ಕೆ ನಾನು ಎಂಜಿನಿಯರಿಂಗ್ ಓದಿದ್ದಾ ಸರ್?" ಎಂದಳು. "ನಂಗೆ ಅವರ ಹತ್ರ ಹೋಗ್ಬೇಕು, ಹೌದು. ಆದ್ರೆ ನನ್ನ ಕೆಲಸದ ಮೇಲೆ ಹೋಗ್ಬೇಕು. ಇಲ್ಲದಿದ್ರೆ ಊರಿಗೆ ಹೋಗಿ ಬೇರೆ ಕೆಲಸ ನೋಡ್ತೇನೆ, ಅವರು ರಜೆಯಲ್ಲಿ ಬರ್ಲಿ."

ಅಬು ಕರೀಂ ಎರಡೂ ಕೈ ಮೇಲೆತ್ತಿ ನನ್ನ ಕಡೆ ನೋಡಿದರು. ಅಂದರೆ, ಇನ್ನು ಹೆದರುವುದು ನಿನ್ನ ಕೆಲಸ.

ಇಲ್ಲಿನ ಪೊಲೀಸರಿಂದ ಸದ್ವರ್ತನೆಯ ಪತ್ರ ಬಂತು, ಅದಕ್ಕೆ ಮೊಹರುಗಳು ಬಿದ್ದವು. ವೈದ್ಯಕೀಯ ಪರೀಕ್ಷೆ ಆಯಿತು. ಅನುಭವದ ಪತ್ರ ನಾನೇ ನಿಂತು ಬರೆಸಿದೆ. ಉಳಿದದ್ದು ಪದವಿ ಪತ್ರ. ಅದು ಅಸಲಿ ಎಂಬ ಮೊಹರು ನಮ್ಮ ದೇಶದಲ್ಲೇ ಬೀಳಬೇಕು, ಬೆಂಗಳೂರಿನಲ್ಲಿ ಒಂದು, ದಿಲ್ಲಿಯಲ್ಲಿ ಎರಡು. ಹಿಂದೆಲ್ಲ ಮೂಲಪತ್ರವನ್ನು ನನ್ನ ಕೈಗೇ ತಂದುಕೊಡುತ್ತಿದ್ದರು. ಬೆಳಕಿಗೆ ಹಿಡಿದು, ಅಂಚು ಸವರಿ, ಹಿಂದೆ ಮುಂದೆ ನೋಡಿ ಕಳಿಸುತ್ತಿದ್ದೆ. ಈಗ ಎಲ್ಲ ಫೋನಿನಲ್ಲಿ ಸ್ಕ್ಯಾನು. ಪ್ರಮೀಳಾಳ ಪದವಿಯ ಸ್ಕ್ಯಾನು ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಮೂಲಪತ್ರ ಬೆಂಗಳೂರಿನ ಅವಳ ಗೆಳತಿಯ ಹತ್ತಿರ ಇತ್ತು, ಅವಳು ಅದನ್ನು ಮೊಹರು ಹಾಕಿಸಿಕೊಡುವ ಏಜೆಂಟನಿಗೆ ನೇರ ಮುಟ್ಟಿಸಿದಳು. ನಾನು ನಿಶ್ಚಿಂತನಾಗಿದ್ದೆ. ನನ್ನ ಬದುಕಿನಲ್ಲಿ ನಾನು ನಿಶ್ಚಿಂತನಾದಾಗಲೇ ಏನಾದರೂ ಆಗುವುದು.

ಏಜೆಂಟನ ಸಂದೇಶ ಬಂತು: "ಸರ್, ಇದು ಲ್ಯಾಮಿನೇಷನ್ ಆಗಿದೆ. ಪ್ಲಾಸ್ಟಿಕ್ ಮೇಲೆ ಮೊಹರು ಹಾಕಲ್ಲ ಅಂದ್ರು. ತೆಗೆಸಿ ಕಳಿಸಿ. ನಾನು ಮಾತ್ರ ಕೈ ಹಾಕಲ್ಲ, ಹರಿದ್ರೆ ನನ್ನ ತಲೆಗೆ ಬರುತ್ತೆ."

ನಮ್ಮ ಕಡೆಯ ತಂದೆಯರ ವಿಷಯ ಇಲ್ಲಿ ಹೇಳಲೇಬೇಕು. ಮಗುವಿಗೆ ಪದವಿ ಬಂದ ಮರುದಿನ ಅವರು ಮಾಡುವ ಮೊದಲ ಕೆಲಸ ಅದನ್ನು ಪೇಟೆಗೆ ಒಯ್ದು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಸುವುದು. ತೇವ, ಹುಳ, ಚಹಾದ ಕಲೆ, ನೆಂಟರ ಕಣ್ಣು, ಯಾವುದೂ ತಾಗಬಾರದು. ಪ್ರೀತಿಯನ್ನು ಬಾಯಲ್ಲಿ ಹೇಳದ ಗಂಡಸರು ಅದನ್ನು ಹೀಗೆ ಬಿಸಿ ಯಂತ್ರದಲ್ಲಿ ಹಾಯಿಸಿ ತೋರಿಸುತ್ತಿದ್ದರು. ನನ್ನ ಬಿ.ಕಾಂ. ಕೂಡ ನಮ್ಮಪ್ಪನ ಕೃಪೆಯಿಂದ ಗಟ್ಟಿ ಹಲಗೆಯಂತೆ ಇತ್ತು.

"ನಮ್ಮ ಡ್ಯಾಡಿ ಕೈಗೆ ಸಿಕ್ಕಿದ್ದನ್ನೆಲ್ಲ ಲ್ಯಾಮಿನೇಟ್ ಮಾಡಿಸ್ತಾರೆ ಸರ್," ಎಂದಳು ಪ್ರಮೀಳಾ. "ರೇಷನ್ ಕಾರ್ಡು, ಕರೆಂಟ್ ಬಿಲ್ಲು, ನನ್ನ ಮದುವೆ ಆಮಂತ್ರಣ ಎಲ್ಲ. ಮನೆಯಲ್ಲಿ ಲ್ಯಾಮಿನೇಷನ್ ಆಗದೆ ಉಳಿದದ್ದು ಮಮ್ಮಿ ಒಬ್ರೇ." ನಗುತ್ತಲೇ ಹೇಳಿದಳು, ಆದರೆ ಕಣ್ಣು ನಗುತ್ತಿರಲಿಲ್ಲ. ವಿಶ್ವವಿದ್ಯಾಲಯದಿಂದ ಇನ್ನೊಂದು ಪ್ರತಿ ತರಿಸೋಣವೆಂದರೆ ಅದಕ್ಕೆ ತಿಂಗಳುಗಳು ಬೇಕು. ಚೀನಾದ ಹೊಸವರ್ಷ ನಮಗಾಗಿ ಕಾಯುವುದಿಲ್ಲ.

ಊರಿನಿಂದ ಬರುತ್ತಿದ್ದ ಪರಿಚಯದವರೊಬ್ಬರ ಕೈಯಲ್ಲಿ ಪತ್ರವನ್ನು ದೋಹಾಕ್ಕೆ ತರಿಸಿಕೊಂಡೆವು. ಒಂದು ಶುಕ್ರವಾರ ಬೆಳಿಗ್ಗೆ ಪ್ರಮೀಳಾ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು, ಮೆಟ್ರೋ ಹಿಡಿದು ಅಲ್ ವಕ್ರಾದ ನಮ್ಮ ಮನೆಗೆ ಬಂದಳು. ಶಾಲೆಯಲ್ಲಿ ಟೀಚರಾಗಿರುವ ನನ್ನ ಹೆಂಡತಿ ವಸಂತಾ ಉಪ್ಪಿಟ್ಟು ಮಾಡಿಟ್ಟು, ಊಟದ ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ, ಕೂದಲು ಒಣಗಿಸುವ ಡ್ರೈಯರ್, ಹಳೆಯ ಪಂಚೆಯ ತುಂಡು ಎಲ್ಲ ಸಜ್ಜು ಮಾಡಿದ್ದಳು. ಬಿಸಿ ಮಾಡಿದರೆ ಅಂಟು ಬಿಡುತ್ತದೆ, ಆಮೇಲೆ ಪ್ಲಾಸ್ಟಿಕ್ ಸುಲಿಯಬಹುದು ಎಂದು ಎಲ್ಲಿಯೋ ನೋಡಿಕೊಂಡಿದ್ದೆವು. ಆದರೆ ಕಾಗದವೂ ಜೊತೆಗೇ ಸುಲಿದು ಬಂದರೆ?

"ಮೊದಲು ನನ್ನದರ ಮೇಲೆ ನೋಡೋಣ," ಎಂದು ನಾನು ನನ್ನ ಬಿ.ಕಾಂ. ತಂದಿಟ್ಟೆ. "ನನ್ನನ್ನಂತೂ ಇನ್ನು ಯಾರೂ ಪದವಿ ಕೇಳೋದಿಲ್ಲ."

"ಅಯ್ಯೋ ಬೇಡ ಸರ್!" ಎಂದಳು ಪ್ರಮೀಳಾ.

"ಇರ್ಲಿ ಬಿಡಮ್ಮ," ಎಂದಳು ವಸಂತಾ. "ಇವರು ಅದನ್ನ ಇಷ್ಟು ವರ್ಷ ಜೋಪಾನ ಮಾಡಿದ್ದು ಯಾಕೆ ಅಂತ ನಂಗೂ ಇವತ್ತು ಗೊತ್ತಾಯ್ತು."

ಇಸ್ತ್ರಿಪೆಟ್ಟಿಗೆ ಕಾಯಿಸಿ, ಬಟ್ಟೆ ಹೊದಿಸಿ, ಒತ್ತಿದೆ. ಒಂದು ಮೂಲೆ ಎದ್ದಿತು. ಗಾಬರಿಯವನ ಕೈ ನಿಧಾನವಾಗಿ ಏನನ್ನೂ ಮಾಡುವುದಿಲ್ಲ. ನಾನು ಗಬಕ್ಕನೆ ಹಿಡಿದು ಮೇಲಕ್ಕೆ ಎಳೆದೆ. ಚರ್ರ್ ಎಂದಿತು. ನನ್ನ ಹೆಸರು, ತೇರ್ಗಡೆಯಾದ ದರ್ಜೆ, ಕುಲಪತಿಗಳ ಅರ್ಧ ಸಹಿ ಎಲ್ಲ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಮೇಲೆ ಬಂದವು. ಕೆಳಗೆ ಉಳಿದದ್ದು ಬಿಳಿ ಜಾಗ, ಮತ್ತು ಇನ್ನೂ ಪ್ಲಾಸ್ಟಿಕ್ಕಿನ ಅಡಿಯಲ್ಲೇ ಇದ್ದ ವಿಶ್ವವಿದ್ಯಾಲಯದ ಲಾಂಛನ.

ವಸಂತಾ ಬಗ್ಗಿ ಆ ಬಿಳಿ ಜಾಗವನ್ನು ನೋಡಿದಳು.

"ರೀ, ನೀವೀಗ ಬರೀ ಪಿಯುಸಿ," ಎಂದಳು ವಸಂತಾ.

ಮೂವರೂ ನಕ್ಕಿದ್ದೇ ನಕ್ಕಿದ್ದು. ನಕ್ಕು ಮುಗಿದ ಮೇಲೆ ಪ್ರಮೀಳಾ ಆ ಹರಿದ ತುಂಡನ್ನು ಕಿಟಕಿಯ ಹತ್ತಿರ ಒಯ್ದು ನೋಡತೊಡಗಿದಳು. ಕಾರ್ಖಾನೆಯಲ್ಲಿ ಕೆಟ್ಟ ಬೆಸುಗೆಯನ್ನು ನೋಡುವಾಗ ಅವಳ ಮುಖ ಹೀಗೇ ಇರುತ್ತದೆ.

"ಸರ್, ನೀವು ಮೇಲಕ್ಕೆ ಎಳೆದ್ರಿ. ಹಾಗಲ್ಲ. ಪ್ಲಾಸ್ಟಿಕ್ಕನ್ನ ಪೂರಾ ಹಿಂದಕ್ಕೆ ಮಡಿಸಿ, ಕಾಗದಕ್ಕೆ ತಾಗಿಸಿಕೊಂಡೇ ಎಳೀಬೇಕು. ಮತ್ತೆ ನೀವು ಎಳೆಯುವಾಗ ಬಿಸಿ ನಿಲ್ಲಿಸಿದ್ರಿ. ಅದು ತಣ್ಣಗಾಗಿ ಪುನಃ ಹಿಡ್ಕೊಂಡಿತು. ಆಂಟಿ, ನೀವು ಡ್ರೈಯರ್ ಹಿಡೀತೀರಾ, ನಾನು ಎಳೆಯುವಲ್ಲಿಗೇ?"

ನನ್ನ ಪದವಿಯಲ್ಲಿ ಉಳಿದಿದ್ದ ಭಾಗದ ಮೇಲೆ ಅವಳು ಹಾಗೆ ಮಾಡಿ ನೋಡಿದಳು. ಲಾಂಛನ ಒಂದು ಗೆರೆಯೂ ಕೆಡದೆ ಕಾಗದದ ಮೇಲೇ ನಿಂತಿತು. ಆಮೇಲೆ ತನ್ನದನ್ನು ಮೇಜಿನ ಮೇಲಿಟ್ಟು, ಶಿಲುಬೆಯ ಗುರುತು ಮಾಡಿಕೊಂಡಳು. ನನ್ನಿಂದ ನೋಡಲಾಗಲಿಲ್ಲ. ಬಾಲ್ಕನಿಗೆ ಹೋಗಿ, ಕೆಳಗೆ ನಿಂತ ಕಾರುಗಳನ್ನು ನೋಡುತ್ತ, ಒಳಗಿನ ಡ್ರೈಯರಿನ ಸದ್ದಿಗೆ ಕಿವಿಗೊಟ್ಟು ನಿಂತೆ. ಸದ್ದು ನಿಂತಿತು. ನಾನು ತಿರುಗಲಿಲ್ಲ.

"ಬನ್ನಿ ಸ್ವಾಮಿ ಒಳಗೆ, ಬಂತು!" ಎಂದು ವಸಂತಾ ಕೂಗಿದಳು.

ಕಾಗದ ಸುಟ್ಟ ಹಪ್ಪಳದ ಹಾಗೆ ಅಲ್ಲಲ್ಲಿ ಎದ್ದಿತ್ತು. ಒಂದು ಮೂಲೆ ತೆಳ್ಳಗಾಗಿತ್ತು. ಆದರೆ ಅಕ್ಷರ, ಸಹಿ, ಮೊಹರು ಎಲ್ಲ ಇದ್ದಲ್ಲೇ ಇದ್ದವು. ಅದನ್ನು ಎರಡು ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೆ ಚಪಾತಿ ಮಣೆ, ಅದರ ಮೇಲೆ ಸೋನಾ ಮಸೂರಿ ಚೀಲ ಹೇರಿ, ಉಪ್ಪಿಟ್ಟು ತಿನ್ನಲು ಕೂತೆವು. ಆ ತಣ್ಣಗಿನ ಉಪ್ಪಿಟ್ಟಿನಷ್ಟು ರುಚಿಯಾದದ್ದನ್ನು ನಾನು ಕತಾರಿನಲ್ಲಿ ತಿಂದಿಲ್ಲ.

ಪತ್ರ ಮತ್ತೆ ಬೆಂಗಳೂರಿಗೆ ಹೋಯಿತು, ದಿಲ್ಲಿಗೆ ಹೋಯಿತು. ಮೊಹರುಗಳೆಲ್ಲ ಬಿದ್ದವು. ಏಜೆಂಟ್ ಅದನ್ನು ಪಾಸ್‌ಪೋರ್ಟಿನಲ್ಲಿದ್ದ ವಿಳಾಸಕ್ಕೆ, ಅಂದರೆ ಕಾರ್ಕಳದ ತಂದೆಯ ಮನೆಗೆ ಕೊರಿಯರ್ ಮಾಡಿದ. ಅಲ್ಲಿಂದ ನಾಳೆ ನಾಡಿದ್ದರಲ್ಲಿ ದೋಹಾಕ್ಕೆ ಬರುವವರು ಇದ್ದರು. ಪ್ರಮೀಳಾ ನನ್ನ ಮೇಜಿನ ಹತ್ತಿರ ಕೂತಿದ್ದಾಗ ಅವಳ ತಂದೆಯ ಫೋನ್ ಬಂತು. ಮಾತು ಕೊಂಕಣಿಯಲ್ಲಿ. ಒಂದೆರಡು ಮಾತಿಗೇ ಅವಳ ಬಣ್ಣ ಇಳಿಯಿತು.

"ಡ್ಯಾಡಿ, ಬೇಡ! ಡ್ಯಾಡಿ? ಡ್ಯಾಡಿ!" ಫೋನ್ ಕಟ್ಟಾಗಿತ್ತು.

"ಏನಾಯ್ತಮ್ಮ?"

"ಸರ್, ಸರ್ಟಿಫಿಕೇಟ್ ಬಂತಂತೆ. ಎಂತ ಅವಸ್ಥೆ ಅದರದ್ದು, ಪ್ಲಾಸ್ಟಿಕ್ಕೇ ಇಲ್ಲ, ದಿಲ್ಲಿಯವರು ತೆಗೆದು ಬಿಸಾಡಿದ್ದಾರೆ ಅಂತ ಸಿಟ್ಟು ಬಂದಿದೆ ಅವರಿಗೆ. ನೀನು ಹೆದರ್ಬೇಡ, ಈಗಲೇ ಪೇಟೆಗೆ ಹೋಗಿ ಮೊದಲಿಗಿಂತ ದಪ್ಪದ್ದು ಹಾಕಿಸ್ತೇನೆ ಅಂದ್ರು!"

ಪುನಃ ಫೋನ್ ಮಾಡಿದರೆ ಎತ್ತಿದ್ದು ತಾಯಿ. ಡ್ಯಾಡಿ ಫೋನನ್ನು ಮನೆಯಲ್ಲೇ ಬಿಟ್ಟು ಸ್ಕೂಟರ್ ಹತ್ತಿ ಆಗಲೇ ಹೋಗಿದ್ದರು. ಮಿಸ್ ಲಿನ್ ಮೂಲಪತ್ರವನ್ನೇ ಕೇಳಿದ್ದಳು. ಮೊಹರುಗಳ ಮೇಲೆ ಪ್ಲಾಸ್ಟಿಕ್ ಬಿದ್ದರೆ ಅದನ್ನು ಒಪ್ಪುತ್ತಾರೋ ಇಲ್ಲವೋ ನನಗೆ ತಿಳಿಯದು. ಇನ್ನೊಮ್ಮೆ ಸುಲಿದರೆ ಶಾಯಿ ಉಳಿಯುತ್ತದೋ ಇಲ್ಲವೋ ಅದೂ ತಿಳಿಯದು. ಅಬು ಕರೀಂ ಓಡಿ ಬಂದರು. "ಅಂಗಡಿಗೆ ಫೋನ್ ಮಾಡಿ!"

"ಅಂಗಡಿಯ ನಂಬರ್ ಯಾರ ಹತ್ರ ಉಂಟು ಸರ್?" ಎಂದವಳೇ ಪ್ರಮೀಳಾ ತಟ್ಟನೆ ನಿಂತಳು. "ನವೀನ್! ಆ ಅಂಗಡಿ ನಡೆಸುವ ಸದಾನಂದ ನಮ್ಮವರ ಕ್ಲಾಸ್‌ಮೇಟು!"

ಚೀನಾದಲ್ಲಿ ಕಾರ್ಖಾನೆಯ ಒಳಗಿದ್ದ ನವೀನ್ ಅದು ಹೇಗೋ ಫೋನ್ ಎತ್ತಿದ. ಅಲ್ಲಿಂದ ಅವನು ಕಾರ್ಕಳಕ್ಕೆ ಫೋನ್ ಮಾಡಬೇಕು. ನಾವು ಇಲ್ಲಿ ಕಾಯಬೇಕು. ಅಬು ಕರೀಂ ಜಪಮಾಲೆ ಉರುಳಿಸುತ್ತಿದ್ದರು, ಪ್ರಮೀಳಾ ಕೊರಳಿನ ಶಿಲುಬೆ ಹಿಡಿದಿದ್ದಳು. ನಾನು ಗೊತ್ತಿದ್ದ ದೇವರುಗಳನ್ನೆಲ್ಲ ಒಂದು ಸುತ್ತು ಹಾಕಿ ಬಂದೆ. ಫೋನ್ ರಿಂಗಾಯಿತು. ನವೀನ್ ನಗುತ್ತಿದ್ದ.

"ನಿಲ್ಲಿಸಿದೆ ಮಾರಾಯ್ರೆ! ಮಿಷನ್ ಬಿಸಿ ಆಗ್ಲಿಕ್ಕೆ ಇಟ್ಟಿದ್ದನಂತೆ ಸದಾನಂದ. ಮಾವ ಅಲ್ಲೇ ಸ್ಟೂಲಿನಲ್ಲಿ ಕೂತ್ಕೊಂಡು ಎಳೆ ಬೊಂಡದ ನೀರು ಕುಡೀತಿದ್ರಂತೆ. ಈಗ ಸಿಟ್ಟಿನಲ್ಲಿದ್ದಾರೆ. ಬರಿಗೈಯಲ್ಲಿ ಮನೆಗೆ ಹೋಗುದಿಲ್ಲ ಅಂತ ಹಟ. ಅದಕ್ಕೆ ಕಲರ್ ಝೆರಾಕ್ಸ್ ತೆಗೆದು ಅದಕ್ಕೆ ಲ್ಯಾಮಿನೇಷನ್ ಮಾಡಿ ಕೊಡು ಅಂದೆ. ಎರಡೂ ಕಡೆ!"

ಅಬು ಕರೀಂ "ಅಲ್‌ಹಮ್ದುಲಿಲ್ಲಾ!" ಎಂದು ಕೂಗಿದ್ದು ಇಡೀ ಮಹಡಿಗೆ ಕೇಳಿಸಿತು.

ರಜೆ ಶುರುವಾಗುವ ಮೊದಲೇ ಕಾಗದಗಳು ಮಿಸ್ ಲಿನ್ ಕೈ ಸೇರಿದವು. ಪರ್ಮಿಟ್ಟಿನ ಮಂಜೂರಾತಿ ಬಂತು, ಬಿ ವರ್ಗ. ಪ್ರಮೀಳಾ ಅದನ್ನು ನೋಡಿ ರಾಮಪ್ರಸಾದರ ಹಾಗೆ ಜಗಳ ಮಾಡಲಿಲ್ಲ. ಎರಡು ಸಲ ಓದಿ, ಹುದ್ದೆಯ ಸಾಲಿನಲ್ಲಿ ತನ್ನ ಕೆಲಸದ ಹೆಸರಿನ ಮೇಲೆ ಬೆರಳಿಟ್ಟು ವಸಂತಾಗೆ ಫೋಟೋ ಕಳಿಸಿದಳು. ಕೆಲಸದ ವೀಸಾ ಹಾಕಿಸಿಕೊಂಡು ಹೊರಟ ದಿನ ಅಬು ಕರೀಂ ಅವಳ ಕೈಗೆ ಖರ್ಜೂರದ ದೊಡ್ಡ ಡಬ್ಬಿ ಕೊಟ್ಟರು. ನಾನು ಪಾಸ್‌ಪೋರ್ಟ್ ಇಟ್ಟುಕೊಂಡಿದ್ದೀಯಾ ಎಂದು ಮೂರು ಸಲ ಕೇಳಿದೆ.

ನಾನು ನಿವೃತ್ತನಾಗಿ ಮನೆಯಲ್ಲಿ ಕೂತ ಮೊದಲ ವಾರ ಚೀನಾದಿಂದ ನವೀನನ ವಿಡಿಯೋ ಕರೆ ಬಂತು. ಯಾವ ಕಾಗದ ಬಾಕಿ ಉಳಿಯಿತಪ್ಪಾ?

"ಸರ್, ಎಂತ ಮಾಡಿದ್ರಿ ನೀವು!" ಎಂದ. "ಇವಳನ್ನ ಫ್ಯಾಮಿಲಿ ವೀಸಾದಲ್ಲಿ ಕಳಿಸಿದ್ರೆ ಆಗ್ತಿತ್ತಲ್ಲ! ಬಂದು ಸರಿಯಾಗಿ ಸೂಟ್‌ಕೇಸ್ ಬಿಚ್ಚಲಿಲ್ಲ, ನನ್ನ ಸೆಕ್ಷನಿನ ಪೈಪ್ ಬೆಸುಗೆಯನ್ನ ಎಲ್ಲರ ಎದುರು ರಿಜೆಕ್ಟ್ ಮಾಡಿದ್ದಾಳೆ. ಇಲ್ಲಿಯ ಹುಡುಗರೆಲ್ಲ ನನ್ನ ನೋಡಿ ನಗಾಡ್ತಾರೆ. ಸ್ವಲ್ಪ ಹೇಳಿ ಸರ್ ಇವಳಿಗೆ!"

ಅವನ ಹಿಂದಿನಿಂದ ಹಳದಿ ಹೆಲ್ಮೆಟ್ಟಿನ ಪ್ರಮೀಳಾ ಕ್ಯಾಮರಾದೊಳಗೆ ಮುಖ ತೂರಿಸಿದಳು.

"ಸರ್, ಒಳಗೆ ತೂತು ಉಂಟು ಸರ್. ಮೇಲಿಂದ ಚಂದ ಕಾಣ್ತದೆ ಅಷ್ಟೆ. ಕತ್ತರಿಸಿ ಪುನಃ ಮಾಡ್ಲಿಕ್ಕೆ ಹೇಳಿ ಇವರಿಗೆ."

"ಮಾಡಿಬಿಡಪ್ಪಾ ನವೀನ್," ಎಂದೆ. "ಅವಳು ಅಲ್ಲಿಗೆ ಬಂದಿರೋದೇ ಅದಕ್ಕೆ."